ಮೆತ್ತನೆಯ ಸೀಟು ಯಾಕೆ ನೋಯಿಸುತ್ತದೆ?

ಬೆಂಗಳೂರಿನಿಂದ ಹುಬ್ಬಳ್ಳಿಗೆ ಬೈಕಿನಲ್ಲಿ ಹೊರಟವರಿಗೆ ತುಮಕೂರು ದಾಟುವವರೆಗೆ ಸೀಟಿನ ನೆನಪೇ ಇರುವುದಿಲ್ಲ. ಶಿರಾ ಹತ್ತಿರವಾಗುತ್ತಿದ್ದಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ ಕೂರುವುದು ಶುರುವಾಗುತ್ತದೆ. ಚಿತ್ರದುರ್ಗದ ಹೊತ್ತಿಗೆ, ಅಂದರೆ ಸುಮಾರು 200 ಕಿಲೋಮೀಟರ್ ಆದ ಮೇಲೆ, ಅರ್ಧ ಗಮನವೆಲ್ಲ ಅಂಡಿನ ಉರಿಯ ಕಡೆಗೇ. ಹೆದ್ದಾರಿಯ ವೇಗದಲ್ಲಿ ಅರ್ಧ ಗಮನ ಬೇರೆಡೆ ಇರುವುದು ಅಪಾಯ, ಹಾಗಾಗಿ ಇದನ್ನು ಬರೀ ಸುಖದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ.

ಊರಿಗೆ ಮರಳಿದ ಮೇಲೆ ಬಹಳ ಮಂದಿ ಮಾಡುವ ಕೆಲಸ ಒಂದೇ. ಸೀಟ್ ಕವರ್ ಹೊಲಿಯುವ ಅಂಗಡಿಗೆ ಹೋಗಿ, "ಇನ್ನೊಂದು ಇಂಚು ಸ್ಪಂಜು ಹಾಕಿ, ಚೆನ್ನಾಗಿ ಮೆತ್ತಗೆ ಮಾಡಿಕೊಡಿ" ಅನ್ನುವುದು. ಮುಂದಿನ ಸಲ ಉರಿ ಇನ್ನೂ ಬೇಗ ಶುರುವಾಗುತ್ತದೆ.

ಯಾಕೆಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಮಾಡಿ. ಗಟ್ಟಿ ಬೆಂಚಿನ ಮೇಲೆ ಬೆನ್ನು ನೇರ ಮಾಡಿ ಕುಳಿತು, ಅಂಗೈ ಮೇಲೆ ಮಾಡಿ ಎರಡೂ ಕೈಗಳನ್ನು ಪೃಷ್ಠದ ಕೆಳಗೆ ತೂರಿಸಿ. ಎರಡು ಗಟ್ಟಿ ಗುಬುಟುಗಳು ಅಂಗೈಯನ್ನು ಒತ್ತುತ್ತವೆ. ಸೊಂಟದ ಮೂಳೆಯ ತಳಭಾಗ ಅದು, ವೈದ್ಯರು ಇಸ್ಕಿಯಲ್ ಟ್ಯೂಬರಾಸಿಟಿ ಅನ್ನುತ್ತಾರೆ. ನಾವು ಕೂರುವ ಮೂಳೆಗಳು ಅಂದುಕೊಳ್ಳೋಣ. ನೆಟ್ಟಗೆ ಕೂತಾಗ ಮೈಭಾರದ ದೊಡ್ಡ ಪಾಲು ಈ ಎರಡು ಪುಟ್ಟ ಜಾಗಗಳ ಮೂಲಕವೇ ಸೀಟಿಗೆ ಇಳಿಯುತ್ತದೆ. ಮೂಳೆಗೂ ಸೀಟಿಗೂ ನಡುವೆ ಸಿಕ್ಕಿಬಿದ್ದಿರುವುದು ಸ್ನಾಯು, ಕೊಬ್ಬು, ಚರ್ಮ ಮತ್ತು ಅವುಗಳಿಗೆ ರಕ್ತ ತರುವ ಕೂದಲಿಗಿಂತ ಸಣ್ಣ ನಾಳಗಳು.

ಆ ಸಣ್ಣ ನಾಳಗಳೊಳಗಿನ ಒತ್ತಡವನ್ನು ಯುಜೀನ್ ಲ್ಯಾಂಡಿಸ್ ಎಂಬ ಅಮೆರಿಕದ ಸಂಶೋಧಕ 1930ರಲ್ಲೇ ಅಳೆದಿದ್ದ. ಉಗುರಿನ ಬುಡದ ಲೋಮನಾಳಕ್ಕೆ ಅತಿಸಣ್ಣ ಗಾಜಿನ ನಳಿಕೆ ಚುಚ್ಚಿ ನೋಡಿದಾಗ, ರಕ್ತ ಒಳಬರುವ ತುದಿಯಲ್ಲಿ ಸರಾಸರಿ 32 ಮಿಲಿಮೀಟರ್ ಪಾದರಸದಷ್ಟು ಒತ್ತಡ ಸಿಕ್ಕಿತು. ಬಿ.ಪಿ. ನೋಡುವಾಗ 120, 80 ಅನ್ನುತ್ತಾರಲ್ಲ, ಅದೇ ಅಳತೆ. ಗಟ್ಟಿ ಆಸನದಲ್ಲಿ ಕೂರುವ ಮೂಳೆಗಳ ಕೆಳಗಿನ ಒತ್ತಡ ನೂರು ದಾಟುವುದು ಮಾಮೂಲು. 32 ಅನ್ನುವುದು ಲಕ್ಷ್ಮಣರೇಖೆಯೇನಲ್ಲ. ದೇಹ ಒಂದಿಷ್ಟು ಹೊಂದಿಕೊಳ್ಳುತ್ತದೆ. ಆದರೂ ದಿಕ್ಕು ಸ್ಪಷ್ಟ: ಬಹಳ ಹೊತ್ತು ಒಂದೇ ಕಡೆ ಒತ್ತಿದರೆ ಅಲ್ಲಿಗೆ ಆಮ್ಲಜನಕ ತಲುಪುವುದಿಲ್ಲ, ತ್ಯಾಜ್ಯ ಹೊರಗೆ ಹೋಗುವುದಿಲ್ಲ, ನರಗಳು ದೂರು ಕೊಡುತ್ತವೆ. ಆ ದೂರೇ ಉರಿ, ಜೋಮು.

ಒತ್ತಡಕ್ಕಿಂತ ಅದು ಎಷ್ಟು ಹೊತ್ತು ಬಿಡದೆ ಇತ್ತು ಅನ್ನುವುದು ಇಲ್ಲಿ ಮುಖ್ಯ. ಅಮೆರಿಕದ ವೈದ್ಯ ಮೈಕೆಲ್ ಕೋಸಿಯಾಕ್ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳ ಸ್ನಾಯುವಿನ ಮೇಲೆ 70 ಮಿಲಿಮೀಟರ್ ಒತ್ತಡ ಎರಡು ಗಂಟೆ ಸತತವಾಗಿ ಬಿದ್ದಾಗ ಹಾನಿ ಕಾಣಿಸಿತು. ಅದಕ್ಕಿಂತ ಎಷ್ಟೋ ಹೆಚ್ಚಿನ ಒತ್ತಡವನ್ನು ಐದೈದು ನಿಮಿಷಕ್ಕೊಮ್ಮೆ ಸಡಿಲಿಸುತ್ತ ಕೊಟ್ಟಾಗ ಹಾನಿ ತೀರ ಕಡಿಮೆ. ಬೈಕ್ ಸವಾರರಿಗಾಗಿ ಯಾರೂ ಮಾಡಿದ ಪ್ರಯೋಗವಲ್ಲ ಇದು. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲೇ ಬದುಕುವವರಿಗೆ ಆಗುವ ಒತ್ತಡದ ಹುಣ್ಣನ್ನು ತಡೆಯಲು ನಡೆದ ಕೆಲಸ. ಅವರಿಗೆ ಉರಿ ತಿಳಿಯುವುದಿಲ್ಲ, ಅದಕ್ಕೇ ಹುಣ್ಣಾಗುತ್ತದೆ. ನಮಗೆ ಉರಿ ತಿಳಿಯುತ್ತದೆ, ಆದರೂ "ಮುಂದಿನ ಊರಲ್ಲಿ ನಿಲ್ಲಿಸಿದರಾಯಿತು" ಎಂದು ಸಹಿಸಿಕೊಂಡು ಹೋಗುತ್ತೇವೆ. ದೇಹ ಕೊಟ್ಟ ಎಚ್ಚರಿಕೆಯನ್ನು ಹೀಗೆ ಕಡೆಗಣಿಸುವುದು ನನಗೆ ಸರಿ ಕಾಣುವುದಿಲ್ಲ.

ಗಾಲಿಕುರ್ಚಿಯ ವಿಜ್ಞಾನದಿಂದ ನಮಗೆ ಬರುವ ಇನ್ನೊಂದು ಪಾಠ ತುಂಬ ಬೆಲೆಯುಳ್ಳದ್ದು. ಬೆನ್ನುಹುರಿಗೆ ಪೆಟ್ಟಾದವರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಮೈ ಮೇಲೆತ್ತಿದ ಮೇಲೆ ಒತ್ತಿಹೋದ ಜಾಗದಲ್ಲಿ ಆಮ್ಲಜನಕದ ಮಟ್ಟ ಮೊದಲಿನಂತಾಗಲು ಎಷ್ಟು ಹೊತ್ತು ಬೇಕೆಂದು ಅಳೆಯಿತು. ಸರಾಸರಿ 1 ನಿಮಿಷ 51 ಸೆಕೆಂಡು. ನಾವು ಹಂಪ್ ಬಂದಾಗ ಫುಟ್‌ರೆಸ್ಟ್ ಮೇಲೆ ಎದ್ದುನಿಂತು ಮೂರು ಸೆಕೆಂಡಿನಲ್ಲಿ ಕೂರುತ್ತೇವೆ. ಹಾಯೆನಿಸುತ್ತದೆ, ಆದರೆ ಸ್ನಾಯುವಿಗೆ ಅಷ್ಟು ಸಾಲದು. ಪೆಟ್ರೋಲ್ ಬಂಕಿನಲ್ಲಿ ಬೈಕಿನ ಮೇಲೆ ಕೂತೇ ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಅದು ವಿಶ್ರಾಂತಿಯೇ ಅಲ್ಲ. ಗಂಟೆಗೊಮ್ಮೆ ಇಳಿದು ಐದು ನಿಮಿಷ ಓಡಾಡಿದರೆ, ಮೂರು ಗಂಟೆಗೊಮ್ಮೆ ಅರ್ಧ ಗಂಟೆ ಮಲಗಿದ್ದಕ್ಕಿಂತ ಹೆಚ್ಚು ಲಾಭ.

ಇನ್ನು ಸೀಟಿನ ವಿಚಾರ. ಮೆತ್ತನೆಯ ಫೋಮ್ ಶೋರೂಮಿನಲ್ಲಿ ಕೂತ ಐದು ನಿಮಿಷ ಹಿತವಾಗಿರುತ್ತದೆ. ಪಾಲಿಯುರೆಥೇನ್ ಫೋಮ್ ಭಾರ ಹೊತ್ತಷ್ಟೂ ನಿಧಾನವಾಗಿ ಕುಸಿಯುತ್ತ ಹೋಗುವ ವಸ್ತು. ಹಳೆಯ ಹತ್ತಿ ಹಾಸಿಗೆಯಲ್ಲಿ ಮಲಗಿ ಮಲಗಿ ಗುಂಡಿ ಬೀಳುವ ಹಾಗೆ, ಕೂರುವ ಮೂಳೆಗಳ ಕೆಳಗೆ ಅದು ಚಪ್ಪಟೆಯಾಗಿ, ಕೊನೆಗೆ ಮೂಳೆ ಹೆಚ್ಚುಕಡಿಮೆ ಸೀಟಿನ ಪ್ಲಾಸ್ಟಿಕ್ ತಳದ ಮೇಲೇ ನಿಲ್ಲುತ್ತದೆ. ಸ್ವಲ್ಪ ಗಟ್ಟಿಯಾದ, ಸಾಂದ್ರತೆ ಹೆಚ್ಚಿರುವ ಫೋಮ್ ಹಾಗೆ ಪೂರ್ತಿ ಕುಸಿಯುವುದಿಲ್ಲ. ಭಾರದ ಒಂದು ಪಾಲನ್ನು ಪೃಷ್ಠದ ಉಳಿದ ಭಾಗಕ್ಕೂ ತೊಡೆಗೂ ಹಂಚುತ್ತದೆ. ಹಂಚುವುದೇ ಸೀಟಿನ ಕೆಲಸ. ಆದ್ದರಿಂದ ಅಂಗಡಿಯಲ್ಲಿ ಮೆತ್ತಗೆ ಮಾಡಿ ಅನ್ನುವ ಬದಲು ಕೂರುವ ಜಾಗ ಅಗಲ ಮಾಡಿ, ಸಮತಟ್ಟು ಮಾಡಿ, ಕೆಳಗೆ ಗಟ್ಟಿ ಫೋಮ್ ಹಾಕಿ ಮೇಲೆ ತೆಳುವಾಗಿ ಮೆತ್ತನೆಯದು ಕೊಡಿ ಅನ್ನಿ. ಅಳತೆ ನಿಮ್ಮದೇ ಇರಬೇಕು: ಸಾಮಾನ್ಯವಾಗಿ ಹೆಂಗಸರಲ್ಲಿ ಆ ಎರಡು ಮೂಳೆಗಳ ಅಂತರ ಗಂಡಸರಿಗಿಂತ ಹೆಚ್ಚು. ಅಗಲ ಹೆಚ್ಚಾದರೆ ಕಾಲು ನೆಲಕ್ಕೆ ಎಟುಕುವುದು ಕಷ್ಟ, ಅದನ್ನೂ ಕೂತು ನೋಡಿಯೇ ಒಪ್ಪಿಕೊಳ್ಳಿ. ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿದ್ದರೆ ಬ್ರೇಕ್ ಹಿಡಿದಾಗಲೆಲ್ಲ ಮುಂದಕ್ಕೆ ಜಾರಿ, ತೊಡೆಸಂದಿನ ನರಗಳ ಮೇಲೆ ಭಾರ ಬೀಳುತ್ತದೆ. ಆ ಭಾಗ ಜೋಮು ಹಿಡಿಯುವುದು ಹೀಗೆಯೇ.

ಗಾಳಿ ತುಂಬುವ ಮೆತ್ತೆಗಳು ಬಂದಿರುವುದೂ ಗಾಲಿಕುರ್ಚಿಯ ಲೋಕದಿಂದಲೇ. ಒಂದಕ್ಕೊಂದು ಸೇರಿದ ಕೋಶಗಳಲ್ಲಿ ಗಾಳಿ ಆಚೀಚೆ ಹರಿದು ಎಲ್ಲೆಡೆ ಒತ್ತಡ ಸಮನಾಗುತ್ತದೆ. 17ನೇ ಶತಮಾನದ ಪ್ಯಾಸ್ಕಲ್ ಹೇಳಿದ ನಿಯಮವೇ ಇದು. ಆದರೆ ಬಹುತೇಕರು ಗಾಳಿಯನ್ನು ಬಿಗಿಯಾಗಿ ತುಂಬಿ ಇದರ ಗುಣವನ್ನೇ ಕೆಡಿಸುತ್ತಾರೆ. ಕೂತಾಗ ಮೂಳೆ ತಳಕ್ಕೆ ತಾಗದಷ್ಟು, ಒಂದು ಬೆರಳಿನ ದಪ್ಪದಷ್ಟು ಗಾಳಿ ಕೆಳಗುಳಿದರೆ ಸಾಕು. ಜೆಲ್ ಕೂಡ ಭಾರ ಹಂಚುತ್ತದೆ, ಆದರೆ ಮಧ್ಯಾಹ್ನದ ಬಿಸಿಲಲ್ಲಿ ನಿಂತ ಬೈಕಿನ ಜೆಲ್ ಹೀರಿದ ಶಾಖವನ್ನು ಬೇಗ ಬಿಡುವುದಿಲ್ಲ.

ಮೆತ್ತನೆಯ ಸೀಟಿಗೆ ಇನ್ನೂ ಒಂದು ದೋಷವಿದೆ. ಕೂತ ಮನುಷ್ಯನ ದೇಹ ಸೆಕೆಂಡಿಗೆ ನಾಲ್ಕರಿಂದ ಆರು ಸಲದ ಮೇಲೆ-ಕೆಳಗಿನ ಕುಲುಕಾಟಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ; ಬೆನ್ನು, ಹೊಟ್ಟೆ ಎಲ್ಲ ಅದರ ತಾಳಕ್ಕೆ ಸೇರಿಕೊಳ್ಳುತ್ತವೆ. ಎಂಜಿನ್ನಿನ ನಡುಕ ಇದಕ್ಕಿಂತ ಬಹಳ ವೇಗದ್ದು: 4,500 ಆರ್‌ಪಿಎಂನಲ್ಲಿ ಸೆಕೆಂಡಿಗೆ 75 ಸಲ. ಅದು ಕೈಗೆ ಜೋಮು ತರುತ್ತದೆ, ಫೋಮ್ ಅದನ್ನು ಚೆನ್ನಾಗಿಯೇ ತಡೆಯುತ್ತದೆ. ಹದಗೆಟ್ಟ ರಸ್ತೆಯ ನಿಧಾನದ ಕುಲುಕಾಟವನ್ನು ಮಾತ್ರ ದಪ್ಪ ಮೆತ್ತನೆಯ ಫೋಮ್ ತಗ್ಗಿಸುವ ಬದಲು ಹಿಗ್ಗಿಸಿಬಿಡಬಹುದು. ಅಲ್ಲಿ ಮೊಣಕಾಲು ಮಡಿಸಿ ಅರ್ಧ ಎದ್ದುನಿಲ್ಲುವುದೇ ಒಳ್ಳೆಯದು; ಕಾಲಿನಷ್ಟು ಒಳ್ಳೆಯ ಸ್ಪ್ರಿಂಗ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬೆವರಿನ ಪಾಲನ್ನು ಕಡಿಮೆ ಅಂದಾಜು ಮಾಡಬೇಡಿ. ರೆಕ್ಸಿನ್ ಸೀಟು ಗಾಳಿಯಾಡಗೊಡುವುದಿಲ್ಲ. ಒದ್ದೆಯಾದ ಚರ್ಮ ಮೆತ್ತಗಾಗುತ್ತದೆ, ಬಟ್ಟೆಗೆ ಹೆಚ್ಚು ಅಂಟಿ ಉಜ್ಜುತ್ತದೆ. ಜೀನ್ಸ್ ತೊಟ್ಟರೆ ನಾಲ್ಕು ಹೊಲಿಗೆಗಳು ಕೂಡುವ ದಪ್ಪ ಗಂಟು ಸರಿಯಾಗಿ ಸೀಟಿಗೂ ಮೈಗೂ ನಡುವೆ ಬರುತ್ತದೆ. ಹತ್ತಿಯ ಒಳಉಡುಪು ಬೆವರು ಹೀರಿ ಹಾಗೇ ಹಿಡಿದುಕೊಳ್ಳುತ್ತದೆ, ದೂರದ ಸವಾರಿಗೆ ಹೊಲಿಗೆ ಇಲ್ಲದ, ಬೇಗ ಒಣಗುವ ಉಡುಪೇ ವಾಸಿ. ಸೀಟಿನ ಮೇಲೆ ಹಾಸುವ ಕುರಿಯ ಉಣ್ಣೆಯ ಚರ್ಮವೂ ಒಳ್ಳೆಯದೇ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಯೂ ಒದ್ದೆ ಅನಿಸುವುದಿಲ್ಲ. ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ಹಾಸಿಗೆ ಹಿಡಿದವರ ಮೇಲೆ ನಡೆದ ಪ್ರಯೋಗಗಳಲ್ಲಿ ಕುರಿಚರ್ಮ ಹಾಸಿದವರಿಗೆ ಒತ್ತಡದ ಹುಣ್ಣುಗಳು ಕಡಿಮೆಯಾಗಿದ್ದವು.

ಬೆವರು, ಉಜ್ಜಾಟ ಇನ್ನೂ ದೊಡ್ಡ ತೊಂದರೆಯನ್ನೂ ತರಬಲ್ಲವು. ಎರಡನೇ ಮಹಾಯುದ್ಧದಲ್ಲಿ 70 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಬೆನ್ನಿನ ಬುಡದ ಸೀಳಿನಲ್ಲಿ ಕೀವುಗಟ್ಟಿ ಆಸ್ಪತ್ರೆ ಸೇರಿದರು. ಅವರಲ್ಲಿ ಬಹಳ ಮಂದಿ ಜೀಪುಗಳಲ್ಲಿ ಕುಲುಕಾಡಿದವರಾದ್ದರಿಂದ 'ಜೀಪ್ ಕಾಯಿಲೆ' ಎಂದೇ ಅದು ಹೆಸರಾಯಿತು. ಪೈಲೋನೈಡಲ್ ಸೈನಸ್ ಅನ್ನುವ ಈ ತೊಂದರೆಗೆ ಬೆವರು, ಉಜ್ಜಾಟ, ಒಳಸೇರುವ ಕೂದಲು ಕಾರಣ. ಅಲ್ಲಿ ಗಂಟು, ಕೀವು ಕಂಡರೆ, ಅಥವಾ ಇಳಿದು ಮರುದಿನವಾದರೂ ಜೋಮು ಬಿಡದಿದ್ದರೆ, ನಾಚಿಕೆ ಪಡದೆ ವೈದ್ಯರಿಗೆ ತೋರಿಸಿ.

ಹಿಂದೆ ಕೂತವರ ಪಾಡು ಯಾವಾಗಲೂ ಹೆಚ್ಚು ಕಷ್ಟದ್ದು. ಸವಾರ ಎರಡು ಚಕ್ರಗಳ ನಡುವೆ ಇರುತ್ತಾನೆ, ಹಿಂದಿನವರು ಹಿಂಚಕ್ರದ ನೆತ್ತಿಯ ಮೇಲೇ. ಹಿಂಚಕ್ರಕ್ಕೆ ಬಿದ್ದ ಪ್ರತಿ ಏಟು ನೇರ ಅವರ ಬೆನ್ನಿಗೆ. ಅವರ ಸೀಟು ಕಿರಿದು, ಹಂಪ್ ಬರುವುದು ಕಾಣುವುದಿಲ್ಲ, ಎದ್ದುನಿಲ್ಲುವ ಅವಕಾಶವೂ ಕಡಿಮೆ. ಮನೆಯಲ್ಲಿರುವುದು ಒಂದೇ ಗಾಳಿಮೆತ್ತೆಯಾದರೆ ಅದು ಹಿಂದಿನ ಸೀಟಿಗೇ ಹೋಗಬೇಕು. ಇಬ್ಬರ ಭಾರಕ್ಕೆ ತಕ್ಕಂತೆ ಹಿಂದಿನ ಶಾಕ್ ಅಬ್ಸಾರ್ಬರನ್ನು ಬಿಗಿ ಮಾಡಿಸಿ, ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ತನ್ನಿ. ಹೆಲ್ಮೆಟ್ಟಿನೊಳಗೆ ಮಾತು ಕೇಳುವುದಿಲ್ಲವಾದ್ದರಿಂದ ಹೊರಡುವ ಮೊದಲೇ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ: ಭುಜದ ಮೇಲೆ ಎರಡು ತಟ್ಟು ಬಿದ್ದರೆ, ಸುರಕ್ಷಿತವಾದ ಮೊದಲ ಜಾಗದಲ್ಲೇ ಬೈಕು ನಿಲ್ಲಬೇಕು.