ಅಲ್ಪವಿರಾಮವೂ ಸ್ವದೇಶ ಸಂಚಾರವೂ

ಎರಡನೆಯ ಶನಿವಾರ, ಅದರ ಬೆನ್ನಿಗೆ ಆದಿತ್ಯವಾರ, ದೈವಾನುಕೂಲದಿಂದ ಸೋಮವಾರ ಒಂದು ಹಬ್ಬ: ಹೀಗೆ ಮೂರು ದಿನಗಳ ಬಿಡುವು ಒಮ್ಮೆಗೇ ಒದಗಿತೆಂದರೆ ನಮ್ಮ ಪಟ್ಟಣಗಳ ವಿದ್ಯಾವಂತ ಗೃಹಸ್ಥರ ಮನೆಗಳಲ್ಲಿ ದೊಡ್ಡ ಸಮಾಲೋಚನೆಯೇ ತೊಡಗುತ್ತದೆ. ರಾಜ್ಯ ಸರಕಾರವು 2019ರಿಂದ ನಾಲ್ಕನೆಯ ಶನಿವಾರವನ್ನೂ ತನ್ನ ನೌಕರರಿಗೆ ರಜೆಯಾಗಿ ಕೊಟ್ಟ ಮೇಲೆ ಇಂಥ ಸುಯೋಗಗಳು ಮೊದಲಿಗಿಂತ ಹೆಚ್ಚಾಗಿವೆ. ಒಬ್ಬರು ಊಟಿಯೆನ್ನುವರು, ಇನ್ನೊಬ್ಬರು ಗೋವೆಯೆನ್ನುವರು, ಕೈಯಲ್ಲಿ ನಾಲ್ಕು ಕಾಸು ಹೆಚ್ಚಾಗಿದ್ದವರು ಬ್ಯಾಂಕಾಕಿನ ವಿಮಾನದ ದರವನ್ನು ವಿಚಾರಿಸುವರು. ಕಡೆಗೆ ಆಗುವುದೇನು? ಬಿಡುವಿನ ಅರ್ಧವು ದಾರಿಯಲ್ಲಿ ಕಳೆಯುತ್ತದೆ; ಉಳಿದರ್ಧವು ವಸತಿಗೃಹದ ಬಾಗಿಲಲ್ಲಿಯೂ ಜನಜಂಗುಳಿಯ ಸರತಿಯಲ್ಲಿಯೂ ತೀರುತ್ತದೆ; ಮಂಗಳವಾರ ಕಚೇರಿಗೆ ಮರಳಿದವನು ಶುಕ್ರವಾರ ಹೊರಟಿದ್ದವನಿಗಿಂತ ಹೆಚ್ಚು ದಣಿದಿರುತ್ತಾನೆ.

ದೂರದ ಪ್ರಯಾಣವನ್ನು ನಾವು ನಿಂದಿಸತಕ್ಕವರಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಕಾಶಿ ಕಾಶ್ಮೀರಗಳಿಗೆ ದೀರ್ಘವಾದ ರಜೆಯುಂಟು. ಅದಕ್ಕೆಂದೇ ನೌಕರವರ್ಗಕ್ಕೆ ಪ್ರಯಾಣದ ಸವಲತ್ತೂ ಉಂಟು. ಅಲ್ಪ ವಿರಾಮಕ್ಕೆ ಅಲ್ಪ ದೂರವೇ ಒಪ್ಪುವುದು. ವ್ಯಾಕರಣದಲ್ಲಿ ಅಲ್ಪವಿರಾಮವೆಂಬ ಚಿಹ್ನೆಯು ವಾಕ್ಯವನ್ನು ಮುಗಿಸುವುದಿಲ್ಲ. ಓದುವವನಿಗೆ ಉಸಿರೆಳೆದುಕೊಳ್ಳಲು ಎಡೆಗೊಟ್ಟು ವಾಕ್ಯದ ಅರ್ಥವನ್ನು ಸ್ಪಷ್ಟಗೊಳಿಸುತ್ತದೆ. ಮೂರು ದಿನಗಳ ಬಿಡುವಿನ ಕೆಲಸವೂ ಅಷ್ಟೇ. 2019ರ ಸ್ವಾತಂತ್ರ್ಯ ದಿನದಂದು ಪ್ರಧಾನಮಂತ್ರಿಗಳು ಕೆಂಪುಕೋಟೆಯಿಂದ, ದೇಶದ ಒಳಗಣ ಹದಿನೈದು ಸ್ಥಳಗಳನ್ನಾದರೂ 2022ರೊಳಗೆ ನೋಡಿರೆಂದು ಜನರನ್ನು ಕೇಳಿಕೊಂಡರು. ಆ ಗಡುವು ಕಳೆದುಹೋಗಿದೆ. ಮಾತು ಮಾತ್ರ ಹಳತಾಗಿಲ್ಲ. ಆ ಹದಿನೈದರ ಎಣಿಕೆಯನ್ನು ನಮ್ಮ ಹೊಸ್ತಿಲಿನಿಂದಲೇ ಏಕೆ ಆರಂಭಿಸಬಾರದೆಂಬುದು ನಮ್ಮ ಪ್ರಶ್ನೆ.

ದೃಷ್ಟಾಂತಕ್ಕೆ ದಕ್ಷಿಣ ಕನ್ನಡದ ಮೂಡಬಿದಿರೆ, ಬೆಳ್ತಂಗಡಿ, ಬಂಟವಾಳ ಎಂಬ ಮೂರು ತಾಲೂಕುಗಳನ್ನು ತೆಗೆದುಕೊಳ್ಳೋಣ. ಧರ್ಮಸ್ಥಳಕ್ಕೆ ಹೋಗಿ ಬಾರದ ಕನ್ನಡಿಗರ ಮನೆ ಅಪರೂಪ. ಆದರೆ ಈ ಯಾತ್ರಿಕರಲ್ಲಿ ನಡುದಾರಿಯಲ್ಲಿ ಇಳಿದವರೆಷ್ಟು ಮಂದಿ? ಬಿ.ಸಿ. ರೋಡೆಂದರೆ ಅವರಿಗೆ ಬಸ್ಸು ಐದು ನಿಮಿಷ ನಿಲ್ಲುವ ಸ್ಥಳ. ಬೆಳ್ತಂಗಡಿಯೆಂದರೆ ಕಿಟಕಿಯಿಂದ ಕಾಣುವ ಒಂದು ನಾಮಫಲಕ. ಮಂಗಳೂರಿನ ನಿವಾಸಿಯಾದರೋ ಬಂಟವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಲ್ಲಿ ತಡೆದು ನಿಲ್ಲಿಸಿದ ನೇತ್ರಾವತಿಯ ನೀರನ್ನು ದಿನಂಪ್ರತಿ ಕುಡಿಯುತ್ತಾನೆ. ಆ ನೀರು ಯಾವ ಯಾವ ಊರುಗಳನ್ನು ಹಾಯ್ದು ಬಂತೆಂದು ಕೇಳಿದರೆ ಉತ್ತರ ಹೊರಡುವುದು ಕಷ್ಟ.

ಈ ಸೀಮೆಗೆ ಎರಡು ನದಿಗಳು. ಉತ್ತರಕ್ಕೆ ಫಲ್ಗುಣಿ, ದಕ್ಷಿಣಕ್ಕೆ ನೇತ್ರಾವತಿ. ಎರಡೂ ಘಟ್ಟದಿಂದಿಳಿದು ಬಂದು ಮಂಗಳೂರಿನ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಮಂಗಳೂರಿನಿಂದ ಹೊರಟು ಫಲ್ಗುಣಿಯ ಸೀಮೆಯಲ್ಲಿ ಮೇಲೇರಿ ನೇತ್ರಾವತಿಯ ಸೀಮೆಯಲ್ಲಿ ಕೆಳಗಿಳಿದು ಬಂದರೆ ಮೂರು ದಿನಗಳಿಗೆ ತಕ್ಕ ಒಂದು ಪ್ರದಕ್ಷಿಣೆಯಾಗುತ್ತದೆ. ಬಸ್ಸುಗಳಿಗೆ ಕೊರತೆಯಿಲ್ಲ, ಸ್ವಂತ ವಾಹನ ಅವಶ್ಯವಲ್ಲ. ಬೆಂಗಳೂರು, ಹುಬ್ಬಳ್ಳಿಗಳಿಂದ ಬರತಕ್ಕವರು ರಾತ್ರಿಯ ಪ್ರಯಾಣವನ್ನು ಮುಗಿಸಿ ಬೆಳಗಾಗುವಾಗ ಈ ಪ್ರದಕ್ಷಿಣೆಗೆ ಕಾಲಿಡಬಹುದು.

ಮೊದಲನೆಯ ದಿನ ಮೂಡಬಿದಿರೆ. ದಾರಿಯಲ್ಲಿ ಕೈಕಂಬದಿಂದ ಬಲಕ್ಕೆ ತಿರುಗಿ ಫಲ್ಗುಣಿಯ ತಡಿಯ ಪೊಳಲಿಯನ್ನು ನೋಡಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿಯ ರಾಜರಾಜೇಶ್ವರಿಯ ಮೂರ್ತಿಯು ಶಿಲೆಯದಲ್ಲ, ಮೃಣ್ಮಯವಾದುದು. ಅಲ್ಲಿಯ ಜಾತ್ರೆ ತಿಂಗಳುದ್ದದ್ದು. ಆ ಜಾತ್ರೆಯ ಚೆಂಡಿನಾಟವು ನಾಡಿಗೆಲ್ಲ ಪ್ರಸಿದ್ಧವಾದುದು. ಮಂಗಳೂರಿನಿಂದ ಮೂಡಬಿದಿರೆಗೆ ಸುಮಾರು 35 ಕಿಲೋಮೀಟರು. ಜೈನಕಾಶಿಯೆಂದು ಹೆಸರಾದ ಈ ಊರಿನಲ್ಲಿ ಬಸದಿಗಳು ಹದಿನೆಂಟು. ಅವುಗಳಲ್ಲಿ ದೊಡ್ಡದಾದ ತ್ರಿಭುವನ ತಿಲಕ ಚೂಡಾಮಣಿಯು, ಎಂದರೆ ಸಾವಿರ ಕಂಬದ ಬಸದಿಯು, ವಿಜಯನಗರದ ಅರಸರ ಕಾಲದಲ್ಲಿ 1430ರ ಸುಮಾರಿಗೆ ಎದ್ದದ್ದು. ಕಂಬಗಳನ್ನು ಎಣಿಸಿ ಹೊರಬಂದರೆ ಸಾಲದು. ಜಗಲಿಯ ಅಡಿಗಟ್ಟಿನ ಕೆತ್ತನೆಗಳಲ್ಲಿ ಜಿರಾಫೆಯನ್ನೂ ಚೀನ ದೇಶದ ಡ್ರಾಗನನ್ನೂ ಹುಡುಕಿ ನೋಡತಕ್ಕದ್ದು. ಈ ಊರಿನವರು ಕಡಲಾಚೆಯ ವ್ಯಾಪಾರದಿಂದ ಏನನ್ನು ಕಂಡಿದ್ದರೆಂಬುದಕ್ಕೆ ಅವು ಸಾಕ್ಷಿ. ಇಳಿಜಾರಾದ ಮಾಡುಗಳನ್ನು ಕಂಡು ಜೇಮ್ಸ್ ಫರ್ಗ್ಯೂಸನ್ ಎಂಬ ಪಾಶ್ಚಾತ್ಯ ವಿದ್ವಾಂಸನು 19ನೆಯ ಶತಮಾನದಲ್ಲಿ ನೇಪಾಳದ ಕಟ್ಟಡಗಳನ್ನು ನೆನೆದನು. ಹತ್ತಿರದಲ್ಲಿಯೇ ಚೌಟರ ಅರಮನೆ: ಒಂಬತ್ತು ಮಂದಿ ಸ್ತ್ರೀಯರು ಸೇರಿ ಆನೆಯಾದ, ಐವರು ಸೇರಿ ಕುದುರೆಯಾದ ಮರದ ಕೆತ್ತನೆಗಳು ಅಲ್ಲಿಯ ಕಂಬಗಳ ಮೇಲುಂಟು. ಪೋರ್ತುಗೀಜರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟರ ಮನೆತನದವಳು. ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳಲ್ಲಿ ‘ಭರತೇಶ ವೈಭವ’ವನ್ನು ಬರೆದ ರತ್ನಾಕರವರ್ಣಿ ಇದೇ ಊರಿನವನು.

ಆದರೆ ಮೂಡಬಿದಿರೆಯಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ನೆನೆಯತಕ್ಕದ್ದು ಅಲ್ಲಿಯ ಓಲೆಗರಿಗಳನ್ನು. ದಿಗಂಬರ ಜೈನರ ಮೂಲ ಸಿದ್ಧಾಂತಗಳಿಗೆ ಪ್ರಾಚೀನಾಚಾರ್ಯರು ಬರೆದ ಧವಲ, ಜಯಧವಲ ಎಂಬ ವ್ಯಾಖ್ಯಾನಗಳೂ ಮಹಾಧವಲವೆಂಬ ಗ್ರಂಥವೂ ಇಡೀ ಭಾರತದಲ್ಲಿ ಇಲ್ಲಿಯ ಗುರು ಬಸದಿಯೊಂದರಲ್ಲಿ ಮಾತ್ರ, ಹಳಗನ್ನಡ ಲಿಪಿಯಲ್ಲಿ, ಉಳಿದುಕೊಂಡಿದ್ದವು. ಶತಮಾನಗಳ ಕಾಲ ಯಾತ್ರಿಕರು ಬಂದರು, ದೂರದಿಂದ ಕೈಮುಗಿದರು, ಹೋದರು. ಓದಿದವರಿಲ್ಲ. 1896ರಿಂದೀಚೆಗೆ ಸೊಲ್ಲಾಪುರ, ಮುಂಬಯಿಗಳ ಜೈನ ಶ್ರೀಮಂತರ ಪ್ರಯತ್ನದಿಂದ ಪ್ರತಿ ಮಾಡುವ ಕಾರ್ಯವು ಆರಂಭವಾಗಿ ಎರಡು ದಶಕಗಳಿಗೂ ಮಿಕ್ಕಿ ನಡೆಯಿತು. ಧವಲದ ಪ್ರಥಮ ಸಂಪುಟವು 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಗಿ ಹೊರಬಿತ್ತು. ಹದಿನಾರು ಸಂಪುಟಗಳಾಗುವುದಕ್ಕೆ ಮತ್ತೆ ಸುಮಾರು ಇಪ್ಪತ್ತು ವರುಷಗಳು ಹಿಡಿದವು. ನಮ್ಮ ಲಿಪಿಯಲ್ಲಿ, ನಮ್ಮ ಊರಿನಲ್ಲಿ ಉಳಿದಿದ್ದ ನಿಧಿಯನ್ನು ಲೋಕಕ್ಕೆ ತೋರಿಸಲು ಮುಂದಾದವರು ಹೊರಗಿನವರು. ಕಾಪಾಡಿದವರ ಶ್ರದ್ಧೆಗೆ ನಾವು ತಲೆಬಾಗುತ್ತೇವೆ. ಅವರು ಕಾಪಾಡದಿದ್ದರೆ ಓದುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಕೈಮುಗಿಯುವುದು ಬೇರೆ, ತಿಳಿಯುವುದು ಬೇರೆ. ಎರಡೂ ಕೂಡಿದಾಗಲೇ ಪ್ರವಾಸವು ಸಾರ್ಥಕವಾಗುವುದೆಂಬ ಪಾಠವನ್ನು ಈ ಓಲೆಗಳು ನಮಗೆ ಕಲಿಸುತ್ತವೆ.

ಎರಡನೆಯ ದಿನ ಬೆಳಿಗ್ಗೆ ವೇಣೂರು. ಮೂಡಬಿದಿರೆಯಿಂದ ಸುಮಾರು 20 ಕಿಲೋಮೀಟರು, ಬೆಳ್ತಂಗಡಿ ತಾಲೂಕಿನಲ್ಲಿ. ಇಲ್ಲಿ ಫಲ್ಗುಣಿಯ ತಡಿಯಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಗೊಮ್ಮಟನು ಇದ್ದಾನೆ. ಶ್ರವಣಬೆಳಗೊಳದವನು 58 ಅಡಿ, ಕಾರ್ಕಳದವನು 42 ಅಡಿ, ವೇಣೂರಿನವನು ಸುಮಾರು 35 ಅಡಿ. ಗಾತ್ರದಲ್ಲಿ ಕಿರಿಯನಾದುದರಿಂದಲೇ ಏನೋ ನೋಡುವವನಿಗೆ ಹತ್ತಿರದವನಾಗಿ ತೋರುತ್ತಾನೆ. 2024ರ ಮಹಾಮಸ್ತಕಾಭಿಷೇಕಕ್ಕೆ ಜನ ಕಿಕ್ಕಿರಿದು ಬಂದರು. ಹನ್ನೆರಡು ವರುಷಗಳಿಗೊಮ್ಮೆ ನಡೆಯುವ ಆ ಉತ್ಸವದ ನಡುವಣ ದಿನಗಳಲ್ಲಿ ಆ ಅಂಗಳದಲ್ಲಿ ಶಾಂತಿಯಿಂದ ಕುಳಿತುಕೊಳ್ಳಬಹುದು. ಮಧ್ಯಾಹ್ನಾನಂತರ ಉಜಿರೆಯ ಸಮೀಪದ ಸುರ್ಯದ ಸದಾಶಿವರುದ್ರ ದೇವಾಲಯಕ್ಕೆ ಹೋಗತಕ್ಕದ್ದು. ಇಲ್ಲಿ ಹರಕೆಯೆಂದರೆ ಬೆಳ್ಳಿ ಬಂಗಾರವಲ್ಲ, ಮಣ್ಣು. ಮನೆ ಬೇಡಿದವನು ಮಣ್ಣಿನ ಮನೆಯನ್ನು, ಮಗು ಬೇಡಿದವಳು ಮಣ್ಣಿನ ಮಗುವನ್ನು, ವಾಹನ ಬೇಡಿದವನು ಮಣ್ಣಿನ ವಾಹನವನ್ನು ಒಪ್ಪಿಸುತ್ತಾರೆ. ಬನದಲ್ಲಿ ಸಾಲಾಗಿ ಇಟ್ಟ ಆ ಬೊಂಬೆಗಳನ್ನು ನೋಡಿದರೆ ನಮ್ಮ ಜನರ ಆಶೆಗಳು ಎಷ್ಟು ಮಿತವಾದವೆಂದು ತಿಳಿಯುತ್ತದೆ. ರಾತ್ರಿ ಧರ್ಮಸ್ಥಳದಲ್ಲಿ ತಂಗಬಹುದು. ಶಿವಲಿಂಗ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು ಎಂಬ ಅಲ್ಲಿಯ ಏರ್ಪಾಡು ನಮಗೆ ಬಳಕೆಯಾಗಿ ಅದರ ವಿಶೇಷವೇ ಮರೆತುಹೋಗಿದೆ.

ಮೂರನೆಯ ದಿನ ಮುಂಜಾನೆ, ಕಾಲಿನಲ್ಲಿ ಬಲವಿದ್ದವರು ಗಡಾಯಿಕಲ್ಲನ್ನು ಹತ್ತಬೇಕು. ಬಯಲಿನಿಂದ ಥಟ್ಟನೆ ಎದ್ದು ನಿಂತ ಈ ಒಂಟಿ ಬಂಡೆಯ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟನು. ಮೊದಲು ಅದು ನರಸಿಂಹಗಡವಾಗಿತ್ತು. 1799ರಲ್ಲಿ ಆಂಗ್ಲರ ವಶವಾಯಿತು. ಕಲ್ಲಿನಲ್ಲಿಯೇ ಕಡಿದ ಮೆಟ್ಟಿಲುಗಳು ಸಾವಿರದೆಂಟುನೂರಕ್ಕೂ ಹೆಚ್ಚು. ತುದಿಯಿಂದ ಕುದುರೆಮುಖದ ಸಾಲು ಗೋಡೆಯಂತೆ ಕಾಣುತ್ತದೆ. ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದೇ ಹತ್ತತಕ್ಕದ್ದು. ಮಳೆಗಾಲದ ಜಾರುಬಂಡೆಯಲ್ಲಿ ಸಾಹಸವು ಅವಿವೇಕವೇ ಸರಿ. ವೃದ್ಧರೂ ಮಕ್ಕಳೂ ಇದ್ದ ಕುಟುಂಬದವರು ಇದನ್ನು ಬಿಟ್ಟು ಬಂಟವಾಳದ ಹಾದಿಯ ವಗ್ಗದಿಂದ ಕಾರಿಂಜಕ್ಕೆ ಹೋಗಲಿ. ಬಂಡೆಯ ನೆತ್ತಿಯಲ್ಲಿ ಶಿವ, ಕೆಳಗೆ ಪಾರ್ವತಿ, ಬುಡದಲ್ಲಿ ಭೀಮನ ಹೆಸರಿಗೆ ಸೇರಿದ ಗದಾತೀರ್ಥ, ನಡುವೆ ನೈವೇದ್ಯದ ಅನ್ನಕ್ಕೆ ಕಾದಿರುವ ವಾನರಸೇನೆ: ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಪಾಠಶಾಲೆ ಬೇಕಿಲ್ಲ.

ಸಾಯಂಕಾಲಕ್ಕೆ ಬಂಟವಾಳ. ಘಟ್ಟದ ಮೇಲಣ ಕಾಫಿಯೂ ಈ ಸೀಮೆಯ ಅಕ್ಕಿಯೂ ಒಂದು ಕಾಲದಲ್ಲಿ ಇಲ್ಲಿಂದಲೇ ದೋಣಿಯೇರಿ ಮಂಗಳೂರಿಗೆ ಇಳಿಯುತ್ತಿದ್ದವು. ರಸ್ತೆ ಬಂತು, ದೋಣಿ ಹೋಯಿತು. 1923ರಲ್ಲಿಯೂ 1974ರಲ್ಲಿಯೂ ನೆರೆ ಬಂದು ಪೇಟೆಯನ್ನು ಮುಳುಗಿಸಿತು. ಆದರೂ ಹೊಳೆಗೆ ಬೆನ್ನು ಕೊಟ್ಟ ಆ ಹಳೆಯ ಬೀದಿಯಲ್ಲಿ ನಡೆದರೆ ಬಂದರದ ಗತ್ತು ಇನ್ನೂ ತೋರುತ್ತದೆ. ನಮ್ಮ ಮಕ್ಕಳಿಗೆ ‘ನಾಗರಹಾವು’ ಪದ್ಯವನ್ನು ಕೊಟ್ಟ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಪಾಣೆಮಂಗಳೂರಿನ ಹಳೆಯ ಸೇತುವೆಯಾಚೆ ನಂದಾವರ. ಬೆಳ್ತಂಗಡಿಯ ಬಂಗಾಡಿಯಿಂದ ಬಂದ ಬಂಗರಸರ ನೆಲೆ ಇದು. 1837ರಲ್ಲಿ ಸುಳ್ಯದ ಕಡೆಯಿಂದ ದಂಡೆದ್ದು ಬಂದ ರೈತರನ್ನು ಕೂಡಿಕೊಂಡ ಲಕ್ಷ್ಮಪ್ಪ ಬಂಗರಸನು ಈ ಮನೆತನದವನು. ಅವರು ಆ ವರುಷ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಆಳಿದರು. ಬಂಗರಸನನ್ನು ಕಡೆಗೆ ಕುಂಪಣಿ ಸರಕಾರವು ಗಲ್ಲಿಗೇರಿಸಿತು. 1857ರ ಸಂಗ್ರಾಮಕ್ಕಿಂತ ಇಪ್ಪತ್ತು ವರುಷ ಮುಂಚಿನ ಈ ಕಥೆಯನ್ನು ತಿಳಿಯದವನು ನಂದಾವರದಲ್ಲಿ ಬರಿಯ ಹೊಳೆಯನ್ನು ಕಂಡು ಬರುವನು. ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಕೂಡಿಸಿಟ್ಟಿರುವ ನೇಗಿಲು, ಸೇರು, ಕಳಸಿಗೆಗಳ ಮುಂದೆ ಒಂದು ಗಳಿಗೆ ನಿಂತು ಈ ಪ್ರದಕ್ಷಿಣೆಯನ್ನು ಮುಗಿಸಬಹುದು.

ಇದೆಲ್ಲ ವಿನೋದಕ್ಕೆ ಮಾತ್ರವೇ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಬಂಟವಾಳದ ಹೆಸರು ಪತ್ರಿಕೆಗಳ ಮೊದಲ ಪುಟಕ್ಕೆ ಬರುವುದು ಹೆಚ್ಚಾಗಿ ಕಲಹದ ವಾರ್ತೆಯೊಡನೆ. 2017ರಲ್ಲಿ ಆ ತಾಲೂಕಿನಲ್ಲಿ ವಾರಗಟ್ಟಲೆ ನಿಷೇಧಾಜ್ಞೆ ಇದ್ದುದನ್ನು ವಾಚಕರು ಮರೆತಿರಲಾರರು. ದೂರದಲ್ಲಿ ಕುಳಿತು ವಾರ್ತೆಯಿಂದಷ್ಟೇ ಊರನ್ನು ಅರಿತವನಿಗೆ ಅದು ಕಲಹದ ಊರು. ಹೋಗಿ ನೋಡಿದವನಿಗೆ ಅದು ಬಸದಿ, ಗುಡಿ, ಇಗರ್ಜಿ, ಮಸೀದಿಗಳು ಒಂದೇ ಹೊಳೆಯ ನೀರನ್ನು ಕುಡಿಯುವ ಊರು. ನೆರೆಯವನನ್ನು ವದಂತಿಯಿಂದ ತಿಳಿಯುವುದಕ್ಕಿಂತ ಅವನ ಅಂಗಡಿಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿದು ತಿಳಿಯುವುದು ಮೇಲು. ನಾಡನ್ನು ಪ್ರೀತಿಸುತ್ತೇವೆಂದು ಸಭೆಗಳಲ್ಲಿ ಹೇಳುವವರು ಬಹಳ ಮಂದಿ; ಕಾಣದುದನ್ನು ಪ್ರೀತಿಸುವುದು ಸುಲಭ, ಕಂಡು ಪ್ರೀತಿಸುವುದೇ ದೇಶಾಭಿಮಾನ.

ಹೋಗತಕ್ಕವರಿಗೆ ಕೆಲವು ಸೂಚನೆಗಳು. ನವೆಂಬರಿನಿಂದ ಫೆಬ್ರವರಿಯವರೆಗಣ ಕಾಲವು ಉತ್ತಮ. ಆಗ ಮೂಡಬಿದಿರೆಯ ಕೋಟಿ ಚೆನ್ನಯ, ವೇಣೂರಿನ ಸೂರ್ಯ ಚಂದ್ರ ಕಂಬಳಗಳೂ ಯಕ್ಷಗಾನ ಮೇಳಗಳ ತಿರುಗಾಟವೂ ದೊರೆಯುತ್ತವೆ. ನೀರುದೋಸೆ, ಹಲಸಿನೆಲೆಯ ಕೊಟ್ಟಿಗೆಗಳನ್ನು ಬಿಟ್ಟು ನಗರದ ತಿನಿಸನ್ನೇ ಅಲ್ಲಿಯೂ ಹುಡುಕಬೇಡಿರಿ. ಬಸದಿಯಲ್ಲಿ ಮೌನವನ್ನೂ ಕಾಡಿನಲ್ಲಿ ಶುಚಿಯನ್ನೂ ಪಾಲಿಸಿರಿ. ಕೊಂಡೊಯ್ದ ಪ್ಲಾಸ್ಟಿಕ್ ಬಾಟಲಿಯನ್ನು ಗಡಾಯಿಕಲ್ಲಿನ ಮೇಲೆ ಬಿಟ್ಟು ಬರಬೇಡಿರಿ. ಪರಿಚಯವಿಲ್ಲದ ಹೊಳೆಯ ಗುಂಡಿಗೆ ಇಳಿಯಬೇಡಿರಿ. ದಿನಕ್ಕೆ ಎರಡು ಸ್ಥಳಗಳು ಸಾಕು. ಆರನ್ನು ನೋಡಿದವನು ಒಂದನ್ನೂ ನೋಡಲಿಲ್ಲ.

ಅಧಿಕಾರಿವರ್ಗಕ್ಕೂ ಒಂದು ವಿಜ್ಞಾಪನೆಯುಂಟು. ದೊಡ್ಡ ಯೋಜನೆಗಳನ್ನು ನಾವು ಕೇಳುವುದಿಲ್ಲ. ಇಂಥ ಒಂದೊಂದು ಸ್ಥಳದಲ್ಲಿಯೂ ಇಸವಿ ಸಹಿತವಾಗಿ ತಪ್ಪಿಲ್ಲದ ಕನ್ನಡದಲ್ಲಿ ಒಂದು ಫಲಕ, ಒಂದು ಶುಚಿಯಾದ ಶೌಚಾಲಯ, ಊರಿನ ಇತಿಹಾಸವನ್ನು ಬಲ್ಲ ಇಬ್ಬರು ತರುಣ ಮಾರ್ಗದರ್ಶಕರು ಇದ್ದರೆ ಸಾಕು. ಈ ಲೇಖನವನ್ನು ಓದುವ ಅಧಿಕಾರಿಗಳೇ ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದರೆ ಮನವಿ ಬರೆಯುವ ಶ್ರಮವೂ ನಮಗೆ ಉಳಿಯುವುದು. ನೋಡುವವರಿಲ್ಲದ ಸ್ಮಾರಕವು ಕುಸಿಯುತ್ತದೆ; ಓದುವವರಿಲ್ಲದ ಓಲೆಯನ್ನು ಹುಳು ತಿನ್ನುತ್ತದೆ. ಮುಂದಿನ ಎರಡನೆಯ ಶನಿವಾರಕ್ಕೆ ಹೆಚ್ಚು ದಿನಗಳಿಲ್ಲ.