ಹುಳುಕಡ್ಡಿಯ ಮಾತ್ರೆಯೂ ಯಕೃತ್ತೂ

ಮಳೆಗಾಲ ಬಂತೆಂದರೆ ಸುಳ್ಯ ತಾಲೂಕಿನ ಮಂಡೆಕೋಲಿನಂಥ ಅಡಿಕೆ ತೋಟದ ಊರುಗಳಲ್ಲಿ ಒಣಗಿದ ಬಟ್ಟೆ ಸಿಕ್ಕುವುದೇ ದುರ್ಲಭ. ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು; ಒದ್ದೆ ಬಟ್ಟೆಯಲ್ಲಿ ದುಡಿಯುವ ಮೈಗೂ ಬೂಷ್ಟು. ತೊಡೆಯ ಸಂದಿನಲ್ಲಿ, ಸೊಂಟದ ಸುತ್ತ ಬಳೆಯಾಕಾರವಾಗಿ ಹರಡುವ ಹುಳುಕಡ್ಡಿಯು ಹುಳುವಿನಿಂದ ಬಂದುದಲ್ಲ. ಅದೂ ಬೂಷ್ಟಿನ ಜಾತಿಯದೇ. ಪೇಟೆಯ ಮನೆಗಳೂ ಇದರಿಂದ ಪಾರಾಗಿಲ್ಲ.

ಇದಕ್ಕೆ ಮುಲಾಮೂ ಉಂಟು, ಮಾತ್ರೆಯೂ ಉಂಟು. ಇವೆರಡರ ವ್ಯತ್ಯಾಸವನ್ನು ತೋಟದ ಉದಾಹರಣೆಯಿಂದಲೇ ತಿಳಿಯಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಅಡಿಕೆಯ ಗೊನೆಗೆ ಸಿಂಪಡಿಸುತ್ತೇವೆ. ಅದು ಹೊರಗೇ ನಿಂತು ಕಾಯುತ್ತದೆ. ಮುಲಾಮೂ ಹಾಗೆಯೇ. ಮಾತ್ರೆಯ ದಾರಿ ಬೇರೆ. ಕರುಳಿನಿಂದ ರಕ್ತಕ್ಕೆ ಸೇರಿದ ಔಷಧವು ಮೊದಲು ಯಕೃತ್ತಿಗೆ ಹೋಗುತ್ತದೆ. ಬಲಪಕ್ಕೆಲುಬಿನ ಮರೆಯಲ್ಲಿರುವ ಈ ಅಂಗವೇ ಔಷಧವನ್ನು ಮಾರ್ಪಡಿಸಿ ಹೊರಹಾಕಬೇಕು. ಮಾತ್ರೆಯನ್ನು ವಾರಗಟ್ಟಲೆ ನುಂಗುವಾಗ ಬಹುಪಾಲು ಜನರಿಗೆ ತೊಂದರೆಯಾಗದು. ಕೆಲವರ ಯಕೃತ್ತು ಮಾತ್ರ ಪೆಟ್ಟು ತಿನ್ನುತ್ತದೆ.

ಕೀಟೋಕೊನಜೋಲ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1981ರಲ್ಲಿ. ಯಕೃತ್ತಿಗೆ ಅದರಿಂದಾಗುವ ಹಾನಿಯನ್ನು ಕಂಡು 2013ರ ಜುಲೈ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯು ಬೂಷ್ಟುರೋಗಗಳಿಗೆ ಆ ಮಾತ್ರೆಯ ಮಾರಾಟ ನಿಲ್ಲಲೆಂದು ಸಲಹೆಯಿತ್ತಿತು. ಅಮೆರಿಕವೂ ಅದೇ ತಿಂಗಳು ಅದರ ಬಳಕೆಯನ್ನು ಬಿಗಿಗೊಳಿಸಿತು. ಅದೇ ಔಷಧದ ಮುಲಾಮಿಗೆ ಈ ತಡೆ ಬರಲಿಲ್ಲ. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ.

ಇಂದು ವೈದ್ಯರು ಹೆಚ್ಚಾಗಿ ಬರೆಯುವುದು ಇಟ್ರಾಕೊನಜೋಲ್, ಟರ್ಬಿನಾಫಿನ್‌ಗಳನ್ನು. ಟರ್ಬಿನಾಫಿನ್‌ನಿಂದ ಎದ್ದು ಕಾಣುವ ಯಕೃತ್ತಿನ ಹಾನಿ 50,000ದಿಂದ 1,20,000 ಚೀಟಿಗಳಿಗೆ ಒಂದು ಎಂದು ಅಂದಾಜು. ಆದ್ದರಿಂದ ಭಯಪಟ್ಟು ಔಷಧವನ್ನೇ ಬಿಡಬೇಕಾಗಿಲ್ಲ, ಎಚ್ಚರವಿದ್ದರೆ ಸಾಕು.

ಆ ಎಚ್ಚರ ಯಾವುದು? ಹಿಂದೆ ಕಾಮಾಲೆ ಬಂದಿದ್ದರೆ, ಮದ್ಯದ ಅಭ್ಯಾಸವಿದ್ದರೆ, ಬೇರೆ ಮಾತ್ರೆಗಳನ್ನು ಸೇವಿಸುತ್ತಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಅವರು ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ ಅಲಕ್ಷಿಸಬೇಡಿ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ಮತ್ತೆ ಮಾತ್ರೆ ತರುವುದು ಸಲ್ಲದು.

ಟರ್ಬಿನಾಫಿನ್‌ನ ಹಾನಿ ಸಾಮಾನ್ಯವಾಗಿ ಮೊದಲ ಆರು ವಾರಗಳೊಳಗೆ ತೋರಿಕೊಳ್ಳುತ್ತದೆ. ಊಟ ಸೇರದಿರುವುದು, ಓಕರಿಕೆ, ತೀರದ ಆಯಾಸ, ಚಹದ ಬಣ್ಣದ ಮೂತ್ರ, ಮಾಸಲು ಮಲ, ಹಳದಿ ಕಣ್ಣು ಇದರ ಲಕ್ಷಣಗಳು. ಇನ್ನೊಂದು ಲಕ್ಷಣ ಮೋಸಗೊಳಿಸುವಂಥದು: ಮೈತುಂಬ ನವೆ. ಪಿತ್ತದ ಹರಿವು ಕಟ್ಟಿದಾಗಲೂ ಮೈ ನವೆಯಾಗುತ್ತದೆ. ಹುಳುಕಡ್ಡಿ ಮರುಕಳಿಸಿತೆಂದು ತಿಳಿದು ರೋಗಿ ಇನ್ನಷ್ಟು ಮಾತ್ರೆ ನುಂಗಬಹುದು! ಕಲೆಯಿಲ್ಲದ ಕಡೆಯೂ ನವೆಯಾಗುತ್ತಿದೆಯೇ ಎಂದು ನೋಡಿಕೊಳ್ಳಿ.

ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗದೆ ಆ ದಿನವೇ ವೈದ್ಯರನ್ನು ಕಾಣಿ. ಕಾಮಾಲೆಯೆಂದು ನಾಟಿ ಮದ್ದು ಕುಡಿಯುತ್ತ, ಇತ್ತ ಮಾತ್ರೆಯನ್ನೂ ಮುಂದುವರಿಸುವುದು ಎರಡು ಬಗೆಯ ಅಪಾಯ. ಸಕಾಲದಲ್ಲಿ ನಿಲ್ಲಿಸಿದರೆ ಯಕೃತ್ತು ಬಹುಮಟ್ಟಿಗೆ ತಾನೇ ಚೇತರಿಸಿಕೊಳ್ಳುತ್ತದೆ. ತಡವಾದರೆ ಪ್ರಾಣಕ್ಕೇ ಸಂಚಕಾರ ಬಂದೀತು. ಹುಳುಕಡ್ಡಿಯ ಚಿಕಿತ್ಸೆ ನಾಲ್ಕು ದಿನ ನಿಂತರೆ ಅಂಥ ನಷ್ಟವೇನೂ ಇಲ್ಲ.