ಗಳಗಂಡ ರೋಗವೂ ಅಯೊಡಿನ್ ಉಪ್ಪೂ

ಹಿಮಾಲಯದ ತಪ್ಪಲಿನ ಪ್ರಾಂತ್ಯಗಳಲ್ಲಿ, ಕತ್ತಿನ ಮುಂಭಾಗವು ಊದಿ ಗಡ್ಡೆಯಂತೆ ಜೋಲುವ ಗಳಗಂಡ ರೋಗವು ಬಹುಕಾಲದಿಂದ ಪರಿಚಿತವಾದದ್ದು. ಊರಿಗೆ ಊರೇ ಇದಕ್ಕೆ ಒಳಗಾಗಿದ್ದಲ್ಲಿ ಜನರು ಅದನ್ನು ರೋಗವೆಂದೇ ಎಣಿಸದಿರುವುದೂ ಉಂಟು. ಇದರ ಮೂಲವು ನೆಲದಲ್ಲಿದೆ. ಮಣ್ಣಿನೊಳಗಿನ ಅಯೊಡಿನ್ ಎಂಬ ಮೂಲವಸ್ತುವು ಹಿಮನದಿ, ಮಳೆ, ಪ್ರವಾಹಗಳಿಂದ ಕೊಚ್ಚಿಹೋಗಿ ಕಡೆಗೆ ಸಮುದ್ರವನ್ನು ಸೇರುವುದು. ಅಂಥಾ ನೆಲದ ಪೈರು ಎಷ್ಟು ಹುಲುಸಾಗಿದ್ದರೂ ಅದರಲ್ಲಿ ಅಯೊಡಿನ್ ಸಾಲದು. ಅಲ್ಲಿಯದೇ ಮೇವನ್ನು ತಿಂದ ದನಗಳ ಗೊಬ್ಬರದಿಂದಲೂ ಈ ಕೊರತೆಯು ತುಂಬಲಾರದು. ಆ ಮೇವಿನ ಕುರಿಗಳು ಕತ್ತೂದಿದ, ನಿತ್ರಾಣವಾದ ಮರಿಗಳನ್ನು ಈಯುವುದುಂಟು.

ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯು ದೇಹದ ಬೆಳವಣಿಗೆಗೆ ಬೇಕಾದ ರಸವನ್ನು ಅಯೊಡಿನ್ನಿನಿಂದಲೇ ಸಿದ್ಧಪಡಿಸುವುದು. ಅದು ದೊರೆಯದಾಗ ಗ್ರಂಥಿಯು ಹೆಚ್ಚಾಗಿ ದುಡಿಯಲು ಹೋಗಿ ತಾನೇ ಊದುವುದು. ಊತವಾದರೋ ಕಣ್ಣಿಗೆ ಕಾಣುವುದು. ಇದಕ್ಕಿಂತ ಘೋರವಾದ ಹಾನಿಯು ಗರ್ಭಸ್ಥ ಶಿಶುವಿಗೆ. ತಾಯಿಯಲ್ಲಿ ಅಯೊಡಿನ್ ತೀರ ಕಡಮೆಯಾದರೆ ಗರ್ಭಪಾತವಾಗಬಹುದು. ಹುಟ್ಟಿದ ಮಗುವಿಗೆ ಕಿವುಡು, ಮೂಕತನ, ಕುಳ್ಳುತನ, ಬುದ್ಧಿಮಾಂದ್ಯಗಳು ಬರಬಹುದು. ಮಿದುಳಿಗೆ ಆದ ಈ ನಷ್ಟವನ್ನು ತರುವಾಯದ ಔಷಧೋಪಚಾರವು ಪೂರ್ತಿಯಾಗಿ ಸರಿಪಡಿಸಲಾರದು.

1956ರಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಕಾಂಗ್ರಾ ಕಣಿವೆಯಲ್ಲಿ ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೊಡಿನ್ ಸೇರಿಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸುವ ಪರೀಕ್ಷೆಯನ್ನು ಕೈಗೊಂಡರು. ಕೆಲವು ವರ್ಷಗಳಲ್ಲಿ ಮೊದಲಿನ ಎರಡು ಭಾಗಗಳಲ್ಲಿ ರೋಗವು ಸುಮಾರು ಅರ್ಧಕ್ಕೆ ಇಳಿಯಿತು. ಸಾದಾ ಉಪ್ಪಿನ ಭಾಗದಲ್ಲಿ ಇದ್ದಂತೆಯೇ ಉಳಿಯಿತು. ಬಳಿಕ ಅಲ್ಲಿಗೂ ಅಯೊಡಿನ್ ಉಪ್ಪನ್ನು ಕೊಡಲಾಗಿ ಅಲ್ಲಿಯೂ ಇಳಿಯಿತು. 1962ರಲ್ಲಿ ಭಾರತ ಸರಕಾರವು ಗಳಗಂಡ ನಿಯಂತ್ರಣ ಯೋಜನೆಯನ್ನು ಆರಂಭಿಸಿತು.

ವಯಸ್ಕರಿಗೆ ದಿನವೊಂದಕ್ಕೆ 150 ಮೈಕ್ರೊಗ್ರಾಂ ಸಾಕು, ಗರ್ಭಿಣಿಯರಿಗೆ 250. ವಯಸ್ಕರ ಲೆಕ್ಕದಲ್ಲಿ ಎಪ್ಪತ್ತು ವರ್ಷಗಳಿಗೆ ಒಟ್ಟು 4 ಗ್ರಾಂ ಕೂಡ ಆಗದು. ಇಷ್ಟು ಅಲ್ಪವಾದರೂ, ದೇಹವು ಇದನ್ನು ಬಹುಕಾಲ ಕೂಡಿಡಲಾರದಾದ್ದರಿಂದ ಎಡೆಬಿಡದೆ ದೊರೆಯುತ್ತಿರಬೇಕು. ಉಪ್ಪನ್ನು ಹೆಚ್ಚಾಗಿ ತಿನ್ನಬೇಕೆಂದು ಇದರ ಅರ್ಥವಲ್ಲ. ತಿನ್ನುವಷ್ಟು ಉಪ್ಪು ಅಯೊಡಿನ್ನುಳ್ಳದ್ದಾಗಿರಬೇಕು.

ಜಮೀನುದಾರರು ಒಂದು ಸಂಗತಿಯನ್ನು ಗಮನಿಸುವುದು ಅವಶ್ಯಕ. ದನಕರುಗಳಿಗೆಂದೂ ತೆಂಗಿನ ಬುಡಕ್ಕೆಂದೂ ತರಿಸಿದ ಸಾದಾ ಕಲ್ಲುಪ್ಪನ್ನು ಅಗ್ಗವೆಂದು ಕೆಲಸದವರ ಅಡಿಗೆಗೂ ಅಳೆದುಕೊಡುವುದು ಸಲ್ಲದು. ಅವರ ಮನೆಯಲ್ಲಿಯೂ ಗರ್ಭಿಣಿಯರು ಇರುವರು. ಮನೆಗೆ ತಲಪಿದ ಉಪ್ಪಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೊಡಿನ್ ಇರತಕ್ಕದ್ದು. ತೆರೆದ ಚೀಲದಲ್ಲಿ ಮಳೆಗಾಲದ ತೇವಕ್ಕೆ ಒಡ್ಡಿದರೆ ಅದೂ ಕ್ಷಯಿಸುವುದು. ಆದಕಾರಣ ಮುಚ್ಚಳವುಳ್ಳ ಪಾತ್ರೆಯಲ್ಲಿ, ಒಲೆಯಿಂದ ದೂರದಲ್ಲಿ ಇಟ್ಟು, ಅಡಿಗೆಯನ್ನು ಇಳಿಸುವ ಹೊತ್ತಿಗೆ ಹಾಕುವುದು ಉತ್ತಮ.